ಆಣೆ ಹಾಕದವನ ಊಟ

ನಾನು ಅತ್ತೆಯ ಕಪಾಟಿನ ಬಾಗಿಲು ಸರಿ ಮಾಡಿ ಬಂದ ವಾರದಲ್ಲೇ ಅದರೊಳಗಿದ್ದ ಅವರ ಚಿನ್ನದ ಸರ ಕಾಣೆಯಾಯಿತು. ಇಂದಿಗೂ ಸಿಕ್ಕಿಲ್ಲ. ಕಪಾಟು ತೆರೆದಿದ್ದಾಗ ಆ ಕೋಣೆಯಲ್ಲಿದ್ದವನು ನಾನೊಬ್ಬನೇ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮರದ ಕೆಲಸ ಹಿಡಿದವನು ನಾನು. ಕೊಡಿಯಾಲ್‌ಬೈಲಿನ ಎಷ್ಟೋ ಫ್ಲ್ಯಾಟಿನವರು ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟು ಆಫೀಸಿಗೆ ಹೋಗುತ್ತಾರೆ. ಅಂಥವನಿಗೆ ನನ್ನ ಭಾವ, ಹೆಂಡತಿಯ ಅಣ್ಣ, ಹಂಪನಕಟ್ಟೆಯಲ್ಲಿ ಅಂಗಡಿ ಇಟ್ಟವನು, ನಮ್ಮ ಅಂಗಳದಲ್ಲಿ ನಿಂತು ಹೇಳಿದ:

“ನಿಮ್ಮನ್ನು ಕಳ್ಳ ಅಂತ ನಾನು ಹೇಳುವುದಿಲ್ಲ ಭಾವ. ದೈವದ ಎದುರು ಒಂದು ಆಣೆ ಹಾಕಿಬಿಡಿ, ಮುಗಿಯಿತು.”

ಮುಗಿಯುವುದೆಲ್ಲಿ? ನಮ್ಮಲ್ಲಿ ಹೀಗೆ ಆಣೆ ಬಿದ್ದರೆ ಆ ಎರಡು ಮನೆಗಳ ನಡುವೆ ಮತ್ತೆ ಅನ್ನವಿಲ್ಲ, ನೀರಿಲ್ಲ. ನಿಜ ಹೇಳಿದವನಿಗೂ ಅದೇ ಕಟ್ಟು. ಬಿಡಿಸಬೇಕಾದರೆ ಎರಡು ಕಡೆಯವರೂ ಒಪ್ಪಿ ದೈವದ ಮುಂದೆ ನಿಲ್ಲಬೇಕು. ಭಾವ ಒಪ್ಪುವ ಆಸಾಮಿಯಲ್ಲ. ಆಣೆ ಹಾಕಿದರೆ ಹೆಂಡತಿಗೆ ತವರಿಲ್ಲ, ಹಾಕದಿದ್ದರೆ ನಾನು ಕಳ್ಳ.

ಆಗ ನಾನು ಜೆಪ್ಪುವಿನಲ್ಲಿ ವಯಸ್ಸಾದ ಫಾದರ್ ಒಬ್ಬರ ಕೋಣೆಗೆ ಪುಸ್ತಕದ ಕಪಾಟು ಮಾಡುತ್ತಿದ್ದೆ. ಪಾದ್ರಿಯಾಗಲು ಓದುವವರಿಗೆ ಹೀಬ್ರೂ ಕಲಿಸಿದವರು.

“ಎಂತ ಮಾರಾಯ್ರೆ, ಇವತ್ತು ಉಳಿಗಿಂತ ನಿಮ್ಮ ಮುಖವೇ ಚೂಪು ಉಂಟಲ್ಲ?” ಎಂದರು.

ಎಲ್ಲ ಹೇಳಿದೆ. “ತಪ್ಪು ಮಾಡದವನಿಗೆ ನಿಮ್ಮ ಹೀಬ್ರೂವಿನಲ್ಲಿ ಎಂತ ಹೇಳ್ತಾರೆ ಫಾದರ್?”

“ತ್ಸದ್ದೀಕ್. ಒಳ್ಳೆ ನಡತೆಯವನಿಗೂ ಹಾಗೇ ಹೇಳ್ತಾರೆ. ಆದ್ರೆ ನ್ಯಾಯ ಕೇಳುವಲ್ಲಿ, ಸರಿ ನಿನ್ನ ಕಡೆ ಉಂಟು ಅಂತ ಅರ್ಥ. ತಪ್ಪು ಯಾರ ಕಡೆಯೋ ಅವನು ರಾಶಾ. ಆ ಕಾಲದಲ್ಲಿ ಊರಬಾಗಿಲಲ್ಲಿ ಹಿರಿಯರು ನ್ಯಾಯಕ್ಕೆ ಕೂತು, ಇವನು ತ್ಸದ್ದೀಕ್ ಅಂತ ಬಾಯಿಬಿಟ್ಟು ಹೇಳ್ಬೇಕು.”

“ಯಾರೂ ಹೇಳದಿದ್ರೆ?”

ಅವರು ಕನ್ನಡಕ ತೆಗೆದು ಒರೆಸಿದರು. “ದೇವರಿಗೆ ಗೊತ್ತಿರ್ತದೆ. ಊರಿನಲ್ಲಿ ಮಾತ್ರ ನೀವು ಕಾಯ್ತಾ ಇರ್ತೀರಿ.”

ನನಗೆ ಸಿಟ್ಟು ಬಂತು. ನನ್ನ ಕೈ ಶುದ್ಧವೆಂದು ನನಗೆ ಗೊತ್ತಿದ್ದರೆ ಸಾಲದೇ? ಸಾಲುತ್ತಿರಲಿಲ್ಲ. ಅದಕ್ಕೇ ನಿದ್ದೆ ಬರುತ್ತಿರಲಿಲ್ಲ. ಹಲಗೆಗೆ ಮರಳುಕಾಗದ ಹಾಕುತ್ತಾ ಯೋಚಿಸಿದೆ: ಸರ ಅತ್ತೆಯದು. ಹೇಳಬೇಕಾದವರು ಅವರೇ.

ಮರುದಿನ ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಕರೆದುಕೊಂಡು ಹೋದೆ. ಭಾವನೂ ಮನೆಯಲ್ಲಿದ್ದ.

“ಅತ್ತೆ, ಸರ ನಾನು ತೆಗೆದಿದ್ದೇನಾ, ಇಲ್ಲವಾ? ಇವರ ಎದುರೇ ಹೇಳಿ.”

ಅತ್ತೆ ಮಗನ ಮುಖ ನೋಡಿದರು. ಅವರನ್ನು ಸಾಕುವವನು ಅವನೇ. ಒಳಗೆ ಹೋಗಿ ತಟ್ಟೆ ತಂದಿಟ್ಟರು.

“ಬಂಗುಡೆ ಸಾರು ಉಂಟು. ಮೊದಲು ಊಟ ಮಾಡಿ.”

“ಊಟ ಆಮೇಲೆ. ಮಾತು ಹೇಳಿ.”

“ಆರಿಹೋಗ್ತದೆ,” ಎಂದು ಅನ್ನ ಬಡಿಸಿದರು.

ಹೆಂಡತಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: “ಅಮ್ಮ ಅನ್ನ ಹಾಕಿದ್ರಲ್ಲ, ಅದೇ ಮಾತು ಅಂತ ತಿಳ್ಕೊಳ್ಳಿ. ಅವರ ಕೈಲಿ ಇಷ್ಟೇ ಆಗುವುದು.”

ನನಗೆ ಹಾಗೆ ತಿಳಿದುಕೊಳ್ಳಲು ಆಗಲಿಲ್ಲ. ಬಾಗಿಲಿಗೆ ಬಂದ ಯಾರಿಗಾದರೂ ಅತ್ತೆ ಅನ್ನ ಹಾಕುತ್ತಾರೆ. ಆದರೆ ಎದ್ದು ಹೋದರೆ, ಕಳ್ಳ ಓಡಿಹೋದ ಎನ್ನಲು ಭಾವನಿಗೆ ಅಷ್ಟೇ ಸಾಕು. ಕುಳಿತು ಉಂಡೆ. ಮೀನಿನ ರುಚಿ ಗೊತ್ತಾಗಲಿಲ್ಲ.

ಊಟಕ್ಕೆಂದು ಕೈ ತೊಳೆದು ಬಂದ ಭಾವ ನನ್ನ ತಟ್ಟೆ ನೋಡಿದವನೇ ಜಗಲಿಗೆ ಹೋಗಿ ಕುಳಿತ. ಕಳ್ಳನ ಜೊತೆ ಕೂತು ಅವನು ಉಣ್ಣುವುದಿಲ್ಲ, ನಾನು ಏಳುವವರೆಗೆ ಕಾಯುತ್ತಾನೆ ಎಂದು ತಿಳಿಯಿತು. ತಟ್ಟೆ ಮುಂದೆ ಮಾಡಿ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.