ಚಿಕ್ಕಿಯ ಕ್ಯಾಸೆಟ್ಟಿಗೆ ಹಚ್ಚಿದ ಗಮ್‌ಟೇಪು

ಮೊನ್ನೆ ಕಪಾಟು ಒರೆಸುವಾಗ ಆ ಕ್ಯಾಸೆಟ್ ಕೈಗೆ ಸಿಕ್ಕಿತು. ಬೆನ್ನಿನ ಎರಡು ತೂತಿಗೆ ಹಚ್ಚಿದ ಗಮ್‌ಟೇಪು ಹಳದಿಯಾಗಿದೆ. ನೋಡಿದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಇದ್ದದ್ದರ ಮೇಲೆ ಬೇರೇನೂ ರೆಕಾರ್ಡು ಮಾಡಿ ತುಂಬಿಸಬಾರದೆಂದೇ ಅಲ್ಲಿನ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿಡುತ್ತಿದ್ದರು. ತೂತು ಮುಚ್ಚಿದರೆ ಮುಗಿಯಿತು, ಯಾರು ಏನು ಬೇಕಾದರೂ ತುಂಬಿಸಬಹುದು.

ಅದು ಪಕ್ಕದ ಮನೆ ಚಿಕ್ಕಿಯದು. ಗಂಡ ತೀರಿಕೊಂಡ ಮೇಲೆ, ತೊಂಬತ್ತೇಳರಲ್ಲಿ, ಮುಂಬಯಿಯಿಂದ ಕುಂದಾಪುರಕ್ಕೆ ಅಣ್ಣನ ಮನೆಗೆ ಬಂದವರು. ಗಂಡ ಅಲ್ಲಿ ಒಂದು ಸಭಾಂಗಣದಲ್ಲಿ ಮೈಕಿನ ಕೆಲಸದಲ್ಲಿದ್ದರು. ಯುರೋಪಿನ ನಾಲ್ವರು ಹೆಸರಾಂತ ವಾದಕರು ಬಂದು ನುಡಿಸಿದ್ದನ್ನು ವೇದಿಕೆಯ ಬದಿಯಲ್ಲೇ ಕೂತು ತುಂಬಿಸಿಕೊಂಡಿದ್ದರು. ಎರಡು ಪಿಟೀಲು, ತುಸು ದೊಡ್ಡದಾದ ವಯೋಲ, ಕಾಲ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೊ. ಅಷ್ಟೇ.

ಕಾಲೇಜಿನಿಂದ ನಾನು ಸೀದಾ ಅವರ ಕೋಣೆಗೆ ಹೋಗುತ್ತಿದ್ದೆ.

“ನಾಕೂ ಒಟ್ಟಿಗ್ ಕೇಂಬುಕೆ ಹೋಯ್ಬೇಡ ಮಾರಾಯ್ತಿ. ಇವತ್ತ್ ಚೆಲ್ಲೊ ಒಂದನ್ನೇ ಹಿಡ್ಕೊ,” ಎನ್ನುತ್ತಿದ್ದರು. ಮರುದಿನ ವಯೋಲ. ಹಾಗೆ ಒಂದೊಂದರ ಬೆನ್ನು ಹಿಡಿದು ಹೋಗಿ, ಒಂದು ದಿನ ನಾಲ್ಕೂ ಮಾತಾಡತೊಡಗಿದವು. ಜಗಲಿಯಲ್ಲಿ ಕೂತ ನಾಲ್ವರು ಹೆಂಗಸರ ಹಾಗೆ, ಒಬ್ಬಳು ಶುರುಮಾಡಿದ್ದನ್ನು ಇನ್ನೊಬ್ಬಳು ಕಸಿದುಕೊಂಡು...

ಆದರೆ ಚಿಕ್ಕಿಯ ಜೀವವಿದ್ದದ್ದು ಅದರ ಮೊದಲಲ್ಲಿ. ಕಮಾನು ತಂತಿಗೆ ತಾಗುವ ಮುಂಚೆ ನಾಲ್ವರೂ ಒಟ್ಟಿಗೆ ಎಳೆದುಕೊಂಡ ಉಸಿರು. ಅಲ್ಲಿ ಟೇಪು ನಿಲ್ಲಿಸಿ, ಕಿವಿ ಮುಟ್ಟಿಕೊಂಡು, “ಕೇಂಡ್ಯಾ? ತಾಳ ಹಾಕುಕೆ ಯಾರೂ ಇಲ್ಲೆ. ಉಸ್ರೇ ತಾಳ,” ಎನ್ನುತ್ತಿದ್ದರು. ಕೇಳಿ ಮುಗಿದ ಮೇಲೂ ಹಿಂದಕ್ಕೆ ಸುತ್ತಿ, ಆ ಉಸಿರು ಕೇಳಿಸುವ ತನಕ ಓಡಿಸಿ, ನಾಳೆಗೆಂದು ಅಲ್ಲೇ ನಿಲ್ಲಿಸಿಡುತ್ತಿದ್ದರು.

ಅವರ ಅಣ್ಣನಿಗೆ ಅದು ಬರೀ ಅಳು. “ದೀಪ ಹಚ್ಚು ಹೊತ್ತಿಗ್ ಎಂತ ಈ ಮರ್ಕು?” ಎಂದು ಗೊಣಗುತ್ತಿದ್ದರು.

ಒಂದು ವರ್ಷ ಅವರ ಅಂಗಳದಲ್ಲಿ ಹರಕೆಯ ಯಕ್ಷಗಾನದ ಆಟ ಆಯಿತು. ಅದನ್ನು ತುಂಬಿಸಿಕೊಳ್ಳಲು ಆ ಮಹಾನುಭಾವರಿಗೆ ಬೇರೆ ಕ್ಯಾಸೆಟ್ ಸಿಗಲಿಲ್ಲವೇ? ಪೇಟೆ ಎಷ್ಟು ದೂರ? ತಂಗಿಯ ಟೇಪ್‌ರೆಕಾರ್ಡರಿನಲ್ಲಿದ್ದದ್ದಕ್ಕೇ ಗಮ್‌ಟೇಪು ಹಚ್ಚಿ ಗುಂಡಿ ಒತ್ತಿದರು. ಮರುದಿನ ದೊಡ್ಡ ಉಪಕಾರ ಮಾಡಿದವರ ಹಾಗೆ, “ಆ ಮರ್ಕು ತೆಗ್ದ್ ಆಟ ತುಂಬ್ಸಿ ಕೊಟ್ಟೆ. ಇನ್ನೆಂತ ಬೇಕ್ ನಿಂಗೆ?” ಎಂದರು.

ನಾನು ಜಗಳಕ್ಕೆ ಎದ್ದಿದ್ದೆ. ಚಿಕ್ಕಿ ಕೈ ಹಿಡಿದು ಕೂರಿಸಿದರು. “ಹೋಯ್ಲಿ ಬಿಡ್. ದೇವ್ರ್ ಆಟ ಅಲ್ದಾ?”

ಆಟದ ಮೇಲೆ ನನಗೇನು ದ್ವೇಷ? ಚಂಡೆ ಕೇಳಿಯೇ ಬೆಳೆದವಳು. ಆದರೆ ದೇವರ ಹೆಸರು ಹೇಳಿದ ಮಾತ್ರಕ್ಕೆ, ಗಂಡ ಚಿಕ್ಕಿಗೆಂದು ಉಳಿಸಿಹೋದದ್ದನ್ನು ಒರೆಸಿಹಾಕಬಹುದೇ? ಚಿಕ್ಕಿಯ ಮೇಲೂ ಸಿಟ್ಟಿದೆ ನನಗೆ. ಒಂದು ಸಲ ಬಾಯ್ತುಂಬ ಬೈಯಬೇಕಿತ್ತು ಅವರು. ಬೈಯಲಿಲ್ಲ. ಟೇಪ್‌ರೆಕಾರ್ಡರನ್ನು ಮತ್ತೆ ಮುಟ್ಟಲೂ ಇಲ್ಲ... ಅವರು ತೀರಿಹೋದ ಮೇಲೆ ಮನೆಯವರು ಗುಜರಿಗೆ ಹಾಕಿದ ಸಾಮಾನಿನಿಂದ ಇದನ್ನು ಎತ್ತಿಕೊಂಡು ಬಂದೆ. ಸಿಟ್ಟಿಗೆ ಇಷ್ಟು ವರ್ಷ ಹಾಕಿ ಕೇಳಿರಲೇ ಇಲ್ಲ.

ಮೊನ್ನೆ ಮೊದಲಿನಿಂದ ಓಡಿಸಿದೆ. ಕುರ್ಚಿ ಸರಿದ ಸದ್ದು. ಆಮೇಲೆ ನಾಲ್ವರೂ ಒಟ್ಟಿಗೆ ಉಸಿರೆಳೆದುಕೊಂಡರು. ಚಿಕ್ಕಿಯ ಅಣ್ಣ ಅಂದು ಹಿಂದಕ್ಕೆ ಸುತ್ತದೆಯೇ ಗುಂಡಿ ಒತ್ತಿದ್ದರು, ತಂಗಿ ನಿಲ್ಲಿಸಿಟ್ಟಲ್ಲಿಂದಲೇ. ಕಮಾನು ತಂತಿಗೆ ತಾಗಲಿಲ್ಲ, ಚಂಡೆ ಬಡಿಯಿತು.

“ಕೇಂಡೆ ಚಿಕ್ಕಿ,” ಎಂದೆ. ಕೇಳಿಸಿಕೊಳ್ಳಲು ಅವರಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.