ಕೆಂಪು ಪಟ್ಟಿಯಲ್ಲಿ ಅಪ್ಪ

ಅಪ್ಪನ ಫೋಟೋವನ್ನು ನಾನು ಟಿವಿಯ ಕೆಂಪು ಪಟ್ಟಿಯಲ್ಲಿ ಒಟ್ಟು ಐದು ಸಲ ಹಾಕಿದ್ದೇನೆ. ಅದರಲ್ಲಿ ನಾಲ್ಕು ಸಲ ಅವನೇ ಮನೆಯಲ್ಲಿ ಕೂತು ನೋಡಿದ್ದಾನೆ.

ನಮ್ಮದು ಹೊನ್ನಾವರದ ಪಕ್ಕ, ಕರ್ಕಿ ಕಡೆಯ ಮೀನುಗಾರರ ಕೇರಿ. ನಾನು ಕೇಬಲ್ ಟಿವಿಯವನು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಫ್ಯಾನು, ಗೋಡೆ ತುಂಬ ವಯರು. ಎಲ್ಲರ ಕೈಗೂ ಮೊಬೈಲ್ ಬಂದಮೇಲೂ ನಮ್ಮ ಜನ ಕೇಬಲ್ ಬಿಟ್ಟಿಲ್ಲ. ಕಾರಣ ನಮ್ಮ ಲೋಕಲ್ ಚಾನೆಲ್. ಅದರಲ್ಲಿ ದಿನವಿಡೀ ರೆಕಾರ್ಡ್ ಮಾಡಿದ ಯಕ್ಷಗಾನ ಓಡುತ್ತಿರುತ್ತದೆ, ಅದರ ಕೆಳಗೆ ಪಟ್ಟಿ ಓಡುತ್ತಿರುತ್ತದೆ. ಹಳದಿ ಪಟ್ಟಿ ಅಂಗಡಿಯವರದ್ದು. ನೀಲಿ ಪಟ್ಟಿ ಹುಟ್ಟುಹಬ್ಬ, ಮದುವೆಗಳದ್ದು. ಅದನ್ನು ಆಯಾ ಮನೆಯವರು ಬಿಟ್ಟರೆ ಬೇರೆ ಯಾರೂ ಓದುವುದಿಲ್ಲ. ಕೆಂಪು ಪಟ್ಟಿ ಸತ್ತವರದ್ದು.

ಕೆಂಪನ್ನು ಎಲ್ಲರೂ ನೋಡುತ್ತಾರೆ. ಓದುವುದಿಲ್ಲ, ನೋಡುತ್ತಾರೆ. ನಮ್ಮ ಕೇರಿಯಲ್ಲಿ ಯಾರೇ ತೀರಿಕೊಂಡರೂ ಆ ದಿನ ಒಂದು ದೋಣಿಯೂ ನೀರಿಗಿಳಿಯುವ ಹಾಗಿಲ್ಲ. ಹಿಂದೆ ಒಬ್ಬ ದಂಡೆಯುದ್ದಕ್ಕೂ ಕೂಗುತ್ತ ಓಡುತ್ತಿದ್ದನಂತೆ. ಈಗ ಆ ಕೆಲಸ ನನ್ನದು. ಕೆಂಪು ಪಟ್ಟಿ, ಒಂದು ಫೋಟೋ, ಪಕ್ಕದಲ್ಲಿ ದೀಪದ ಚಿತ್ರ. ಇಷ್ಟು ಕಂಡರೆ ಸಾಕು, ಹೊರಟ ದೋಣಿಯನ್ನು ಮತ್ತೆ ಮೇಲಕ್ಕೆಳೆಯುತ್ತಾರೆ.

ಅಪ್ಪ ಹಳೇ ತಾಂಡೇಲ. ಅಂದರೆ ದೋಣಿಯ ಯಜಮಾನಿಕೆ ಮಾಡಿದವನು, ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನು. ಮೊಣಕಾಲು ಕೈಕೊಟ್ಟ ಮೇಲೆ ಜಗಲಿಯ ಬೆಂಚಿನ ಮೇಲೆ ಕೂತು ಆಕಾಶಕ್ಕೆ ಯಜಮಾನಿಕೆ ಮಾಡುತ್ತಿದ್ದ. ಒಂದು ದಿನ ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಹೊನ್ನಾವರದ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ.

"ನನ್ನ ಪಟ್ಟಿ ಈಗ್ಲೇ ಮಾಡಿಡು" ಎಂದ.

"ಎಂತಕ್ಕೆ ಅಪ್ಪಾ?"

"ನೀ ಕೆಲಸದಲ್ಲಿ ನಿಧಾನ. ನಾ ಬೆಳಿಗ್ಗೆ ಸತ್ರೆ ನೀ ಸಂಜೆ ಹಾಕ್ತೆ. ಅಷ್ಟೊತ್ತಿಗೆ ದೋಣಿ ಎಲ್ಲ ಹೋಗಿ ಆಗಿರ್ತದೆ."

ಅವನಿಗೆ ಇದ್ದ ಆಸೆ ಇದೊಂದೇ. ಕೇರಿಯ ಎಲ್ಲರ ಸಾವಿಗೂ ಅವನು ದಡದಲ್ಲಿ ಕೂತಿದ್ದ. ತನ್ನ ಬಲೆ ಕೊಯ್ದವನೊಬ್ಬ ಸತ್ತಾಗಲೂ ಕೂತಿದ್ದ. ಅವತ್ತು ಬಂಗುಡೆ ಮೀನು ದಂಡೆಗೇ ಬಂದು ಕುಣಿಯುತ್ತಿತ್ತಂತೆ. "ನನಗೂ ಒಂದು ದಿನ ಕೂರ್ಲಿ ಎಲ್ಲರೂ. ಒಂದೇ ದಿನ. ಮತ್ತೆಂತ ಬೇಡ" ಎಂದ.

ಮಾಡಿದೆ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದೆ. 'ಹಿರಿಯ ತಾಂಡೇಲ' ಎಂಬ ಅಕ್ಷರ ದೊಡ್ಡದು ಮಾಡಿಸಿದ. ದಿನಾಂಕದ ಜಾಗ ಖಾಲಿ ಬಿಟ್ಟೆವು. ಸ್ಕ್ರೀನಿಗೆ ಮೂಗು ತಾಗಿಸಿ ನೋಡಿ, "ಕಿವಿ ದೊಡ್ಡ ಕಾಣ್ತದಲ್ಲಾ" ಎಂದ. ಕಿವಿ ನಿನ್ನದೇ ಎಂದೆ. ಸಿಟ್ಟು ಮಾಡಿಕೊಂಡು ಇಳಿದು ಹೋದ.

ಇದಾಗಿ ಒಂದು ವರ್ಷಕ್ಕೆ ಸರಕಾರಿ ಕಚೇರಿಯಿಂದ ಪತ್ರ ಬಂತು. ಬಿರುಗಾಳಿ, ನೆರೆ ಇತ್ಯಾದಿ ಎಚ್ಚರಿಕೆಗಳು ಮೊಬೈಲಿಗೆ ಬಂದರೆ ಸಾಲದು, ಇನ್ನು ಮುಂದೆ ಟಿವಿಯವರೂ ಕಡ್ಡಾಯವಾಗಿ ತೋರಿಸಬೇಕು, ಬೀಪ್ ಶಬ್ದದೊಂದಿಗೆ ತೋರಿಸಬೇಕು ಎಂದು. ಪತ್ರದಲ್ಲಿ 'ತಮ್ಮ ಎಲ್ಲಾ ಚಾನೆಲ್‌ಗಳಲ್ಲಿ' ಎಂದಿತ್ತು. ನನ್ನ ಕೈಯಲ್ಲಿ ಇರುವುದು ಒಂದೇ ಚಾನೆಲ್. ಆದರೂ ಓದಿ ಎದೆ ಸ್ವಲ್ಪ ಉಬ್ಬಿತು.

ಕೆಂಪು ಸತ್ತವರಿಗೆ ಮೀಸಲಾದ್ದರಿಂದ ಮೊದಲ ಎಚ್ಚರಿಕೆಯನ್ನು ಹಳದಿಯಲ್ಲಿ ಹಾಕಿದೆ. ಜನ ಅದನ್ನು ಸೀರೆ ಅಂಗಡಿಯ ಡಿಸ್ಕೌಂಟ್ ಎಂದುಕೊಂಡರು. ಒಬ್ಬಳು ಫೋನ್ ಮಾಡಿ, "ಆ ಕೀಂ ಕೀಂ ತೆಗಿ ಮಾರಾಯಾ, ಭಾಗವತರ ಪದ್ಯ ಕೇಳೂದಿಲ್ಲ" ಎಂದಳು. ಬಿರುಗಾಳಿ ಬರ್ತದಂತೆ ಅಕ್ಕಾ ಎಂದೆ. "ಬರ್ಲಿ. ಪದ್ಯ ಮುಗೀಲಿ" ಎಂದಳು.

ತಮ್ಮನಂತೂ ನಕ್ಕ. ಅಪ್ಪನ ದೋಣಿ ಈಗ ಅವನ ಕೈಯಲ್ಲಿದೆ. "ನಿನ್ನ ಪಟ್ಟಿ ನಂಬಿ ಕೂತ್ರೆ ದೀಪಾವಳಿವರೆಗೆ ಮನೆಲೇ ಇರ್ಬೇಕು. ಮೊನ್ನೆ ಗಾಳಿ ಅಂತ ಹಾಕಿದ್ದೆ, ನಾ ಬಿಸಿಲಿಗೆ ಬಲೆ ಒಣಗ್ಸಿದೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಮರ್ಯಾದೆ ಹೋಯಿತು. ಅಷ್ಟರಲ್ಲಿ ಕಚೇರಿಯಿಂದಲೂ ಫೋನ್: ಹಳದಿ ಏಕೆ, ಎಚ್ಚರಿಕೆ ಅಂದಮೇಲೆ ಕೆಂಪಿರಬೇಕು. ಆಯಿತು ಎಂದೆ. ಕೆಂಪು ಎಂದರೆ ನಮ್ಮಲ್ಲಿ ಏನು ಎಂದು ಅವರಿಗೆ ಹೇಳುವ ಉಸಾಬರಿ ನನಗೇಕೆ?

ಆಗಸ್ಟ್ ಕೊನೆಯ ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎಚ್ಚರಿಕೆ ಬಂತು. ಮಧ್ಯಾಹ್ನ ತಮ್ಮನ ದೋಣಿ ಇಳಿಯುವುದಿತ್ತು. ಕಂಪ್ಯೂಟರಿನಲ್ಲಿ ಕೆಂಪು ಪಟ್ಟಿ ತೆರೆದೆ, ಇದ್ದ ಅಕ್ಷರ ಅಳಿಸಿದೆ, 'ಇಂದು ಸಂಜೆ ಬಿರುಗಾಳಿ. ಮೀನುಗಾರರು ಸಮುದ್ರಕ್ಕೆ ಇಳಿಯಬಾರದು' ಎಂದು ಹೊಡೆದೆ. ಅಷ್ಟರಲ್ಲಿ ಯಾರದ್ದೋ ಫೋನ್, ಚಿತ್ರ ಬರ್ತಿಲ್ಲ ಎಂದು. ಅವರಿಗೆ ಸಮಾಧಾನ ಹೇಳುತ್ತಲೇ ಬಟನ್ ಒತ್ತಿ, ಚಹಾ ಕುಡಿಯಲು ಕೆಳಗಿಳಿದೆ.

ಚಹಾ ಅಂಗಡಿಯಲ್ಲಿ ಎಲ್ಲರೂ ಎದ್ದು ಜಾಗ ಕೊಟ್ಟರು. ಇಷ್ಟು ವರ್ಷಗಳಲ್ಲಿ ಆಗದ್ದು. ಅಂಗಡಿಯವನು ನನ್ನ ಕೈ ಹಿಡಿದು, "ಎಂತ ಆಗಿತ್ತು ಅಪ್ಪಂಗೆ?" ಎಂದ.

"ಮೊಣಕಾಲು ನೋವು."

"ಅಯ್ಯೋ ದೇವ್ರೆ, ಮೊಣಕಾಲು ನೋವಿಗೇ!" ಎಂದು ತಲೆ ಮೇಲೆ ಕೈಯಿಟ್ಟುಕೊಂಡ.

ಆಗ ನನ್ನ ಫೋನ್ ಹೊಡೆದುಕೊಂಡಿತು. ಅಪ್ಪ.

"ಹೌದನಾ, ನಾ ಎಷ್ಟೊತ್ತಿಗೆ ಸತ್ತೆ?"

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಸ್ಕ್ರೀನಿನ ಮೇಲೆ ಅಪ್ಪ, ಕಿವಿ ಸಮೇತ. ಪಕ್ಕದಲ್ಲಿ ದೀಪ ಉರಿಯುತ್ತಿದೆ. ಸಮುದ್ರಕ್ಕೆ ಇಳಿಯಬಾರದು ಎಂದು ಅವನೇ ಅಪ್ಪಣೆ ಕೊಟ್ಟ ಹಾಗೆ ಕಾಣುತ್ತಿದೆ. ನಾನು ತೆರೆದದ್ದು ಅವನಿಗೆಂದು ಮಾಡಿಟ್ಟ ಪಟ್ಟಿಯ ನಕಲು. ಅಕ್ಷರ ಬದಲಿಸಿದ್ದೆ, ಫೋಟೋ ತೆಗೆದಿರಲಿಲ್ಲ.

"ತಪ್ಪಾತು ಅಪ್ಪಾ. ಈಗ ತೆಗೀತೆ. ಒಂದೇ ನಿಮಿಷ."

"ತಡಿ" ಎಂದ. ಫೋನ್ ಕಿವಿಗಿಟ್ಟುಕೊಂಡೇ ಅಂಗಳಕ್ಕೆ ಇಳಿದದ್ದು ಕೇಳಿಸಿತು. ನಮ್ಮ ಅಂಗಳದಿಂದ ದಂಡೆಯ ನೀರಂಚು ಕಾಣುತ್ತದೆ.

"ತೆಗೀಬೇಡ" ಎಂದ.

"ಜನ ನೀ ಸತ್ತೆ ಅಂದ್ಕಂಡಿದ್ರು!"

"ಅಂದ್ಕಳ್ಲಿ. ಇಲ್ಲಿಂದ ಕಾಣ್ತದೆ, ದೋಣಿ ಎಲ್ಲ ಮೇಲೆ ಎಳೀತಿದ್ರು. ನಿನ್ನ ತಮ್ಮ ಅಳ್ತಾ ಓಡಿ ಬರ್ತಿದ್ದ. ಬರ್ಲಿ."

"ಅಪ್ಪಾ, ಇದು ನಿನ್ನ ದಿನ. ಇವತ್ತೇ ಮುಗಿದು ಹೋದ್ರೆ ಮುಂದೆ ಯಾರು ನಂಬ್ತ್ರು?"

ಅವನು ಎಲೆಯಡಿಕೆ ಉಗಿದದ್ದು ಕೇಳಿಸಿತು. ಆಮೇಲೆ ಹೇಳಿದ: "ಪಡುವಣ ಬದಿ ಸಮ ಇಲ್ಲ. ಗಾಳಿ ಬರೂದು ಹೌದು. ನಾ ಸತ್ತ ಮೇಲೆ ಎಲ್ಲರೂ ಕೂತ್ರೆ ನನಗೆ ಎಂತ ಕಾಣ್ತದೆ? ಇರ್ಲಿ ಬಿಡು, ಸಂಜೆವರೆಗೆ ನಾ ಸತ್ತೇ ಇರ್ಲಿ."

ಮೌಸಿನ ಮೇಲಿಂದ ಕೈ ತೆಗೆದೆ. ನನಗೆ ಅಳು ಬಂತು. ಆ ಕೋಣೆಯಲ್ಲಿ ಒಬ್ಬನೇ ಕೂತು ಅತ್ತೆ.

ನಾನು ಮನೆಗೆ ಬರುವಷ್ಟರಲ್ಲಿ ತಮ್ಮ ಅಂಗಳದಲ್ಲಿ ಕೂತಿದ್ದ. ಕಣ್ಣೀರು ಒಣಗಿರಲಿಲ್ಲ, ಬಾಯಲ್ಲಿ ಮಾತ್ರ ಬೈಗುಳ. ಒಳಗೆ ಓಡಿದವನಿಗೆ ಅಪ್ಪ ಮೀನು ಸಾರಿನ ಊಟ ಮಾಡುತ್ತ ಸಿಕ್ಕಿದ್ದನಂತೆ. "ಉಂಡ್ಯನಾ?" ಎಂದು ಬೇರೆ ಕೇಳಿದ್ದನಂತೆ. ಒಬ್ಬೊಬ್ಬರೇ ಬಂದರು. ಹೂವು ತಂದವರು ಹೂವನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಪಕ್ಕದ ದೋಣಿಯವನು ಚಟ್ಟಕ್ಕೆಂದು ಎರಡು ಬಿದಿರು ಹೊತ್ತು ತಂದಿದ್ದ. ಬೆಂಚಿನ ಮೇಲೆ ಕೂತ ಅಪ್ಪನನ್ನು ನೋಡಿ, ಬಿದಿರನ್ನು ಎಲ್ಲಿ ಇಡುವುದೆಂದು ತಿಳಿಯದೆ, ಕಡೆಗೆ ಹಿತ್ತಲ ಗೋಡೆಗೆ ಒರಗಿಸಿಟ್ಟ. ಆಮೇಲೆ ಎಲ್ಲರೂ ಸೇರಿ ನನ್ನ ಜನ್ಮ ಜಾಲಾಡಿದರು. ದೇವರಂಥ ಮನುಷ್ಯನನ್ನು ಬದುಕಿರುವಾಗಲೇ ಕೊಂದೆಯಲ್ಲೋ ಎಂದರು. ದೇವರಂಥ ಮನುಷ್ಯ ಎಲೆಯಡಿಕೆ ಜಗಿಯುತ್ತ ಕೇಳುತ್ತಿದ್ದ.

ಬೈದು ಮುಗಿಸಿ ಇನ್ನೇನು ದೋಣಿ ಇಳಿಸೋಣ ಎಂದು ಎದ್ದಾಗ ನಾಲ್ಕು ಗಂಟೆ. ಗಾಳಿ ಬಂತು. ಎರಡು ತೆಂಗಿನ ಮರ ಉರುಳಿದವು, ನಾಲ್ಕೈದು ಮನೆಯ ತಗಡು ಹಾರಿತು, ನನ್ನ ಕೇಬಲ್ ತುಂಡಾಗಿ ಟಿವಿ ಎಲ್ಲ ಕಪ್ಪಾಯಿತು. ದಡದ ಮೇಲಿದ್ದ ಒಂದು ದೋಣಿಯೇ ಮಗುಚಿ ಬಿತ್ತು. ನೀರಿನಲ್ಲಿ ಯಾರೂ ಇರಲಿಲ್ಲ. ಅಷ್ಟಾದರೂ ಯಾರೂ ನನಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಬಿದಿರನ್ನೂ ವಾಪಸ್ ಒಯ್ಯಲಿಲ್ಲ.

ಮುಂದಿನ ಎಚ್ಚರಿಕೆಯನ್ನು ಫೋಟೋ ಇಲ್ಲದೆ, ಬರೀ ಕೆಂಪಿನಲ್ಲಿ ಹಾಕಿದೆ. ಫೋನ್ ಬಂತು: "ಅಪ್ಪನ ಫೋಟೋ ಇಲ್ಲ ಅಲ್ದಾ? ಹಾಗಾದ್ರೆ ಎಂತ ಇಲ್ಲ, ಬಿಡು." ಅಪ್ಪನಿಗೆ ಹೇಳಿದೆ. ಅವನು ಬೆಂಚಿನಿಂದ ಎದ್ದು ಆಕಾಶ ನೋಡಿ, "ಹಾಕು ನನ್ನ" ಎಂದ. ಹಾಗೆ ಇನ್ನೂ ಮೂರು ಸಲ ಆಯಿತು. ಮೂರೂ ಸಲ ದೋಣಿ ಇಳಿಯಲಿಲ್ಲ. ಒಂದು ಸಲ ಗಾಳಿಯೇ ಬರಲಿಲ್ಲ. ವಯಸ್ಸಾದವನು, ತಪ್ಪುತ್ತದೆ ಎಂದು ಜನ ಮಾಫಿ ಮಾಡಿದರು. ಕಚೇರಿಯವರನ್ನು ಮಾಫಿ ಮಾಡಿದ್ದನ್ನು ನಾನು ಕಂಡಿಲ್ಲ. ಎಚ್ಚರಿಕೆಯಲ್ಲಿ ಕಾಣುವ ವ್ಯಕ್ತಿ ಯಾರು ಎಂದು ಆ ಕಚೇರಿಯಿಂದ ಪತ್ರ ಬಂತು. 'ಹಿರಿಯ ತಾಂಡೇಲ' ಎಂದು ಉತ್ತರ ಬರೆದೆ. ಕೂಡಲೇ ತೆಗೆಯಿರಿ ಎಂದರು. ತೆಗೆಯಲಾಗಿದೆ ಎಂದು ಬರೆದು ಸುಮ್ಮನಿದ್ದೆ.

ಅಪ್ಪ ಹಿತ್ತಲ ಬಿದಿರಿಗೆ ಅಲಸಂದೆ ಬಳ್ಳಿ ಹಬ್ಬಿಸಿದ. ಒಂದು ಸಂಜೆ ಅದಕ್ಕೆ ನೀರು ಹಾಕುತ್ತ ನನ್ನ ಕಡೆ ನೋಡದೆ ಕೇಳಿದ: "ನನ್ನ ದಿನ ಹೋತು ಅಲ್ದನಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಹೋತು ಅಪ್ಪಾ" ಎಂದೆ.

"ಆತು" ಎಂದ. ಉಳಿದ ನೀರನ್ನು ಬುಡಕ್ಕೆ ಚೆಲ್ಲಿ ಒಳಗೆ ಹೋದ.

ಚಳಿಗಾಲದ ಒಂದು ಬೆಳಿಗ್ಗೆ ಚಹಾ ಕುಡಿದು ಬೆಂಚಿನ ಮೇಲೆ ಒರಗಿದವನು ಏಳಲಿಲ್ಲ. ಲೋಟ ಇನ್ನೂ ಬೆಚ್ಚಗಿತ್ತು. ನಾನು ಕೋಣೆಗೆ ಓಡಿ, ಅವನು ಪಕ್ಕದಲ್ಲಿ ಕೂತು ಮಾಡಿಸಿದ ಹಳೆಯ ಪಟ್ಟಿಯನ್ನೇ ತೆರೆದೆ. ದಿನಾಂಕ ಮಾತ್ರ ತುಂಬಬೇಕಿತ್ತು. ನಿಧಾನ ಮಾಡಲಿಲ್ಲ. ಏಳೂವರೆಗೆಲ್ಲ ಅಪ್ಪ ಟಿವಿಯಲ್ಲಿದ್ದ.

ಯಾರೂ ಬರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಹತ್ತಿರದ ನಾಲ್ಕು ನೆಂಟರು ಬಿಟ್ಟರೆ ಅಂಗಳ ಖಾಲಿ. ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ. ಮೀನಿಗೆ ಹೋಗಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಅಂಗಳದಿಂದ ನೋಡಿದರೆ ನೀರಂಚು ಬರಿದು. "ಎಲ್ಲರೂ ಹೋಗಿ ಆತು ಅಣ್ಣಾ" ಎಂದ ತಮ್ಮ. ಅವನಿಗೆ ತಲೆ ಎತ್ತಲಾಗಲಿಲ್ಲ, ನನಗೂ ಆಗಲಿಲ್ಲ. ಇದು ನನ್ನದೇ ಕೈಯ ಕೆಲಸ. ಕೂತಿರಲಾರದೆ ದಂಡೆಗೆ ಹೋದೆ.

ಒಂದೂ ದೋಣಿ ನೀರಿನಲ್ಲಿರಲಿಲ್ಲ. ಎಲ್ಲವೂ ನಮ್ಮ ಅಂಗಳಕ್ಕೆ ಕಾಣದ ತೆಂಗಿನ ಸಾಲಿನವರೆಗೆ ಮೇಲೆ ಬಂದಿದ್ದವು. ಇಡೀ ಕೇರಿ ಅಲ್ಲೇ ಇತ್ತು. ಒಂದೆಲೆಯೂ ಅಲುಗದ ಆ ಬಿಸಿಲಿನಲ್ಲಿ ಗಂಡಸರು ದೋಣಿಗಳನ್ನು ಮರಕ್ಕೆ ಬಿಗಿಯುತ್ತಿದ್ದರು, ಹೆಂಗಸರು ಬಲೆಯ ಮೇಲೆ ತಾಡಪತ್ರಿ ಹೊದೆಸಿ ಕಲ್ಲು ಹೇರುತ್ತಿದ್ದರು.

ಅವತ್ತು ಬಿದಿರು ತಂದಿದ್ದವನು ಹಗ್ಗ ಜಗ್ಗುತ್ತಲೇ ಕೇಳಿದ: "ನಿನ್ನ ಅಪ್ಪನ ಫೋಟೋ ಕಂಡಿದ್ದೇ ಎಳೆದು ಹಾಕಿದ್ವು. ಆಕಾಶ ಕಂಡ್ರೆ ಎಂತ ಇಲ್ಲ. ಎಷ್ಟೊತ್ತಿಗೆ ಬರ್ತದಂತೆ ಗಾಳಿ?"

"ಗಾಳಿ ಇಲ್ಲ" ಎಂದೆ. "ಇವತ್ತು ಅಪ್ಪನದ್ದೇ."

ಅವನ ಕೈಯ ಹಗ್ಗ ಸಡಿಲವಾಯಿತು. ಪಕ್ಕದವರಿಗೂ ಕೇಳಿಸಿತು, ಅವರಿಂದ ಆಚೆಯವರಿಗೆ ಹೋಯಿತು. ದಂಡೆಯುದ್ದಕ್ಕೂ ಜನ ಹಗ್ಗ ಬಿಟ್ಟು ನಿಂತರು. ಅವನು ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ.

"ಬಿದಿರು ಇದ್ಯಾ?" ಎಂದ.

"ಇದೆ" ಎಂದೆ. "ಅಲಸಂದೆ ಬಳ್ಳಿ ಬಿಡಿಸ್ಬೇಕು."