ಹುಳುವಿನ ಜ್ವರವೂ ನನ್ನ ಕಾಫಿ ಮಿಷನ್ನೂ

ನಮ್ಮ ಮನೆಗೆ ಬಂದವರು ದೇವರ ಕೋಣೆಯನ್ನು ನೋಡಿ ಹೊಗಳಿದ್ದು ನನಗೆ ನೆನಪಿಲ್ಲ. ಕಾಫಿ ಬೀಜ ಪುಡಿ ಮಾಡುವ ಮಿಷನ್ನನ್ನು ನೋಡಿ ನಕ್ಕವರು ಮಾತ್ರ ಬಹಳ ಜನ. "ಇದನ್ನ ಉಪಯೋಗಿಸ್ತೀರೋ, ಇಲ್ಲ ಷೋಕಿಗೆ ಇಟ್ಟಿದ್ದೀರೋ?" ಎನ್ನುತ್ತಾರೆ. ಅಷ್ಟು ಚೊಕ್ಕವಾಗಿರುತ್ತದೆ ಅದು. ಎಂಟು ದಿನಕ್ಕೊಮ್ಮೆ ತಿರುಪು ಬಿಚ್ಚಿ, ಹಲ್ಲುಗಳ ಸಂದಿಯ ಪುಡಿಯನ್ನು ಕುಂಚದಿಂದ ಉದುರಿಸಿ, ಒಂದು ಹಿಡಿ ಒಣ ಅಕ್ಕಿ ಹಾಕಿ ತಿರುಗಿಸಿ, ಒರೆಸಿ ಇಡುತ್ತೇನೆ. ನನ್ನ ಹಲ್ಲಿಗೆ ಇದರ ಅರ್ಧ ಉಪಚಾರ ಮಾಡಿದ್ದರೂ ಈಗ ಚಕ್ಕುಲಿ ಕಂಡು ಮುಖ ತಿರುಗಿಸುವ ಪ್ರಮೇಯ ಬರುತ್ತಿರಲಿಲ್ಲ.

ಎಷ್ಟು ದಿನಕ್ಕೊಮ್ಮೆ ಚೊಕ್ಕ ಮಾಡಬೇಕೆಂಬ ವಿಷಯದಲ್ಲಿ ಲೋಕಕ್ಕೆ ಒಮ್ಮತವಿಲ್ಲ. ಚಿಕ್ಕಬಳ್ಳಾಪುರದಲ್ಲಿ ನನ್ನ ತೌರಿನ ಬೀದಿಯೊಂದರಲ್ಲೇ ಮೂರು ಪಂಥಗಳಿದ್ದವು. ಮಿಷನ್ನಿಗೂ ಮನುಷ್ಯರಿಗೂ ದೀಪಾವಳಿಗೊಮ್ಮೆ ಸ್ನಾನವಾದರೆ ಸಾಕೆನ್ನುವವರು ಕೆಲವರು. ಅದನ್ನು ಮುಟ್ಟಲೇಬಾರದು, ಹಳೆಯ ಜಿಡ್ಡಿನಲ್ಲೇ ರುಚಿ ಇರುವುದು ಎನ್ನುವವರು ಬಹಳ ಮಂದಿ. ಮೂರನೆಯ ಪಂಥದಲ್ಲಿ ಇದ್ದದ್ದು ನಮ್ಮ ತಂದೆ ಒಬ್ಬರೇ. ಅವರು ಸ್ಕೂಲು ಮೇಷ್ಟ್ರು; ಹದಿನೈದು ದಿನಕ್ಕೊಮ್ಮೆ ಎಂದು ವಿಧಿಸಿದ್ದರು. ಬೀಜದಲ್ಲಿ ಎಣ್ಣೆಯಿದೆ, ಹಲ್ಲಿನ ಸಂದಿಯಲ್ಲಿ ನಿಂತ ಎಣ್ಣೆ ಹಳಸುತ್ತದೆ ಎಂಬುದು ಅವರ ಪಾಠ. "ಕಹಿ ಬೇರೆ, ಕಮಟು ಬೇರೆ ಕಣಮ್ಮ. ಕಹಿ ಬೀಜದ್ದು, ಕಮಟು ನಮ್ಮ ಸೋಮಾರಿತನದ್ದು. ಕಾಫೀಗೆ ಕಹಿ ಇರ್ಲಿ, ಕಮಟು ಬೇಡ" ಎನ್ನುತ್ತಿದ್ದರು. ಐವತ್ತರ ದಶಕದ ನಡುವಿನಲ್ಲಿ ನನಗೆ ಮದುವೆಯಾದಾಗ ಅವರು ಕೊಟ್ಟ ಸಾಮಾನಿನಲ್ಲಿ ನಾನು ಆಸೆಪಟ್ಟು ಕೇಳಿದ್ದು ಇದೊಂದನ್ನೇ: ಅಂಗೈಯಗಲದ ಮರದ ಪೆಟ್ಟಿಗೆ, ಮೇಲೆ ಕಬ್ಬಿಣದ ಹಿಡಿಕೆ, ಕೆಳಗೆ ಪುಡಿ ಬೀಳುವ ಪುಟ್ಟ ಡ್ರಾಯರು.

ಶಿಡ್ಲಘಟ್ಟದ ಹತ್ತಿರದ ನನ್ನ ಗಂಡನ ಮನೆಯಲ್ಲಿ ಸಾಕುತ್ತಿದ್ದದ್ದು ರೇಷ್ಮೆ ಹುಳು. ಸಾಕುತ್ತಿದ್ದರು ಎನ್ನುವುದಕ್ಕಿಂತ, ಹುಳುಗಳ ಮನೆಯಲ್ಲಿ ಇವರು ಬಿಡಾರ ಮಾಡಿದ್ದರು ಎನ್ನುವುದೇ ಸರಿ. ನಡುಮನೆ ಹುಳು ಮೇಯುವ ಬಿದಿರು ತಟ್ಟೆಗಳಿಗೆ, ಪಡಸಾಲೆ ಹಿಪ್ಪುನೇರಳೆ ಸೊಪ್ಪಿಗೆ, ಉಳಿದ ಮೂಲೆ ನಮಗೆ. ಆ ಹುಳುವಿಗೆ ಮೂಗು ಎಲ್ಲಿದೆಯೋ ನಾನು ಇವತ್ತಿಗೂ ಕಂಡಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಮೂಗು ಅದರದೇ. ಹುಳು ಮನೆಯಲ್ಲಿದ್ದಷ್ಟು ದಿನ ಬೆಳ್ಳುಳ್ಳಿ ಒಗ್ಗರಣೆಯಿಲ್ಲ, ಊದುಬತ್ತಿಯಿಲ್ಲ, ವಾಸನೆ ಸೋಪಿಲ್ಲ. ಬೀಡಿಗಾಗಿ ಮಾವನವರು ಹೊಂಗೆ ಮರದವರೆಗೆ ನಡೆಯುತ್ತಿದ್ದರು. ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ; ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಮನೆಮಂದಿಯೆಲ್ಲ ತುದಿಗಾಲಲ್ಲಿ ಓಡಾಡುತ್ತಿದ್ದರು. ನನಗೆ ಜ್ವರ ಬಂದರೆ, "ಎದ್ದು ಓಡಾಡಮ್ಮ, ಬಿಟ್ಟೋಗ್ತದೆ" ಎನ್ನುತ್ತಿದ್ದರು.

ಇಂಥ ಮನೆಗೆ ನಾನು ಕಾಫಿ ತಂದೆ. ಹೀಗಾಗಿ ನಮ್ಮ ತಂದೆಯ ಹದಿನೈದು ದಿನದ ವಿಧಿ ಹೋಗಿ, ಮಿಷನ್ನು ಚೊಕ್ಕ ಮಾಡುವ ದಿನವನ್ನು ಹುಳುಗಳೇ ಗೊತ್ತುಮಾಡತೊಡಗಿದವು. ಹುಳುವಿನ ಮೊಟ್ಟೆ ಮನೆಗೆ ಬರುವ ಹಿಂದಿನ ದಿನ ಅದನ್ನು ಬಿಚ್ಚಿ, ಉಜ್ಜಿ, ಅಕ್ಕಿ ತಿರುಗಿಸಿ, ವಾಸನೆಯ ಸುಳಿವೂ ಇಲ್ಲದಂತೆ ಮಾಡಿ, ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಉಗ್ರಾಣದ ಅಟ್ಟಕ್ಕೆ ಏರಿಸಬೇಕು. ಬೀಜದ ಡಬ್ಬವೂ ಅದರ ಪಕ್ಕಕ್ಕೆ. ಗೂಡು ಕಟ್ಟುವವರೆಗೆ ಯಾರಿಗೂ ಕಾಫಿಯಿಲ್ಲ.

ಆ ಹೊತ್ತಿಗೆ ಕಾಫಿಯ ರುಚಿ ಹತ್ತಿದ್ದು ಅತ್ತೆಯವರಿಗೆ. ಮೊದಲ ತಿಂಗಳು, "ಏನ್ ಕಷಾಯಾನೋ, ನಿಮ್ಮಪ್ಪ ಮೇಷ್ಟ್ರಾ ಪಂಡಿತ್ರಾ?" ಎಂದಿದ್ದರು. ಎರಡನೆಯ ತಿಂಗಳು, "ಒಂಚೂರು ಬಿಡು, ತಲೆ ಹಿಡ್ದದೆ" ಎಂದರು. ಮೂರನೆಯ ತಿಂಗಳಿಂದ ಲೋಟಕ್ಕೆ ಮೂರು ಚಮಚ ಸಕ್ಕರೆ ಸುರಿಸಿಕೊಂಡು ಪಾಯಸದಂತೆ ಕುಡಿಯುತ್ತಿದ್ದರು. ಮಾವನವರ ಎದುರಿಗಲ್ಲ. ಮನೆಯ ಹಿರಿಯಳು ಸೊಸೆಯ ಚಟಕ್ಕೆ ಬಿದ್ದಳು ಎನ್ನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

ಮಾರನೆಯ ವರ್ಷ ಜಡಿಮಳೆ ಹಿಡಿದ ಕಾಲದ ಬೆಳೆ. ನಾಲ್ಕನೇ ಜ್ವರ ಎದ್ದ ಹುಳು ಮೇವು ಮುಟ್ಟದೆ ಸೊರಗಿ, ತಟ್ಟೆ ತಟ್ಟೆಯೇ ಮೆತ್ತಗಾಗಿ ಹೋಯಿತು. ಸೊಪ್ಪು ಒದ್ದೆಯಿತ್ತು. ಆರಲು ಬಿಡದೆ, "ಹಸ್ಕೊಂಡವೆ, ಹಾಕ್ರಿ" ಎಂದು ಹಾಕಿಸಿದವರು ಮಾವನವರೇ. ಅದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಆಡಲಿಲ್ಲ. ಸತ್ತ ಹುಳುವನ್ನು ಹೊರಗೆ ಹೊತ್ತು ಹಾಕಿ ಬಂದ ಮಾವನವರು ನೆಟ್ಟಗೆ ಉಗ್ರಾಣಕ್ಕೆ ನಡೆದರು. ಗಂಟು ಇಳಿಸಿ, ಕಟ್ಟು ಬಿಚ್ಚದೆ ಪಂಚೆಯನ್ನು ಜಗ್ಗಿ ಸರಿಸಿದರು. ಡ್ರಾಯರನ್ನು ಎಳೆದು ನಡುಮನೆಯಲ್ಲಿ ಎಲ್ಲರ ಮುಂದೆ ಹಿಡಿದರು. ಒಳಗೆ ಎರಡು ಚಿಟಿಕೆ ಕಾಫಿ ಪುಡಿ, ಹೊಸದು.

"ಚೊಕ್ಕ ಮಾಡೇ ಇಟ್ಟಿದ್ದೆ ಮಾವ" ಎಂದೆ.

"ಓಹೋ. ಮತ್ತೆ ಇದನ್ನ ಹುಳ ತಿರುಗಿಸ್ತೇನಮ್ಮ?"

ನಾನು ಪಂಚೆಯನ್ನು ನೋಡಿದೆ. ನಾನು ಹಾಕುವುದು ಜಾರುಗಂಟು, ನಮ್ಮಮ್ಮ ಕಲಿಸಿದ್ದು. ಅಲ್ಲಿದ್ದದ್ದು ಸೊಪ್ಪಿನ ಹೊರೆಗೆ ಹಾಕುವ ಕಗ್ಗಂಟು. ಆ ಮನೆಯಲ್ಲಿ ಸೊಪ್ಪಿನ ಹೊರೆ ಕಟ್ಟುತ್ತಿದ್ದವರು ಒಬ್ಬರೇ. ಮಧ್ಯಾಹ್ನದ ಹೊತ್ತು ಅತ್ತೆ ಬೆಲ್ಲದ ಚೂರು ಹಿಡಿದು ಉಗ್ರಾಣಕ್ಕೆ ಹೋಗಿ, ತುಟಿ ಒರೆಸಿಕೊಂಡು ಬರುತ್ತಿದ್ದದ್ದು ಆಗ ನನಗೆ ಹೊಳೆಯಿತು. ಕಾಸಿದರೆ ಘಮ ಎದ್ದೀತೆಂದು ಪಾಪ ಒಣಪುಡಿಯನ್ನೇ ಬೆಲ್ಲದ ಜೊತೆ ನೆಕ್ಕುತ್ತಿದ್ದರು. ಹಿಡಿಕೆ ತಿರುಗಿಸುವುದು ಅವರಿಗೆ ಗೊತ್ತಿತ್ತು. ಚೊಕ್ಕ ಮಾಡುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ಅವರನ್ನೇ ನೋಡಿದೆ. ಅವರು ಬರಿದಾದ ತಟ್ಟೆಯೊಂದರ ಬಿದಿರು ಸೀಳನ್ನು ಬಹಳ ಶ್ರದ್ಧೆಯಿಂದ ಸರಿಪಡಿಸುತ್ತಿದ್ದರು. ನನ್ನ ಗಂಡ ತಮ್ಮ ಕಾಲಿನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದರು. ಗಂಟಿನ ವಿಷಯ ನನ್ನ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿದೆ. ಒಳ್ಳೆಯತನ ಎಂದುಕೊಳ್ಳಬೇಡಿ. ಹೇಳಿದರೆ ನಂಬುವವರು ಅಲ್ಲಿ ಯಾರೂ ಇರಲಿಲ್ಲ.

ಮಿಷನ್ನು ಅದೇ ವಾರ ಚಿಂತಾಮಣಿಯ ನೆಂಟರ ಮನೆಗೆ ಹೋಯಿತು. ಒಮ್ಮೆ ಅಲ್ಲಿಗೆ ಹೋದಾಗ ನೋಡಿದೆ. ಅದರಲ್ಲಿ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಪುಡಿ ಮಾಡುತ್ತಿದ್ದರು. ಹಿಡಿಕೆ ಮುಟ್ಟಿದ್ದಕ್ಕೆ ನಾಲ್ಕು ಸೀನು ಬಂತು. ಕಣ್ಣಲ್ಲಿ ನೀರೂ ಬಂತು; ಮೆಣಸಿನಕಾಯಿಗೆ ನಾನು ಋಣಿ. ನನಗೆ ಮಾತ್ರ ಬಿರುದು ಅಂಟಿಕೊಂಡಿತು. ಗೌರಿಬಿದನೂರಿನ ಮದುವೆಯಲ್ಲಿ ಎಂದೂ ಕಾಣದ ಮುದುಕಿಯೊಬ್ಬಳು ಗಲ್ಲ ಹಿಡಿದು, "ಓ, ನೀನೇನಾ ತಲ್ಲೀ, ಮಿಷನ್ ತಿಕ್ಕದೆ ಹುಳ ಸಾಯ್ಸಿದ್ ಸೊಸೆ?" ಎಂದಳು. ಪ್ರೀತಿಯಿಂದಲೇ ಎಂದಳು, ಅದಕ್ಕೆ ಇನ್ನೂ ಉರಿಯಿತು.

ಮಾವನವರು ತೀರಿಕೊಂಡ ಮೇಲೆ ಹುಳುವಿಗೆ ತೋಟದಲ್ಲಿ ಬೇರೆ ಮನೆ ಕಟ್ಟಿದೆವು. ನನ್ನ ಗಂಡ ಒಂದು ದಿನ ಏನೂ ಹೇಳದೆ ಹೊಸ ಮಿಷನ್ನೊಂದನ್ನು ತಂದಿಟ್ಟರು. ಆ ಶನಿವಾರವೇ ಅತ್ತೆ ಬಂದು ಮುಂದೆ ಕುಳಿತು, "ಎಂಗ್ ಬಿಚ್ಚೋದು ತೋರ್ಸು" ಎಂದರು. ಅಲ್ಲಿಂದ ಪ್ರತಿ ಶನಿವಾರ ಅವರೇ ಬಿಚ್ಚುವರು, ಅವರೇ ಉಜ್ಜುವರು. "ಹದಿನೈದು ದಿನಕ್ಕೊಂದ್ಸಲ ಸಾಕು ಅತ್ತೆ" ಎಂದರೆ, "ಸುಮ್ನಿರು, ನಿಂಗೊತ್ತಾಗಲ್ಲ" ಎನ್ನುವರು. ನನ್ನ ಎಂಟು ದಿನದ ಲೆಕ್ಕ ಅವರಿಂದ ಬಂದದ್ದು.

ಹೀಗೇ ಒಂದು ಶನಿವಾರ ಪಕ್ಕದ ಮನೆಯ ನಾರಾಯಣಮ್ಮ ಬಂದಳು. ಅವಳೂ ಹೊಸ ಮಿಷನ್ನು ಕೊಂಡಿದ್ದಳು. "ಎಷ್ಟ್ ದಿನಕ್ಕೊಂದ್ಸಲ ಚೊಕ್ಕ ಮಾಡ್ಬೇಕಮ್ಮ ಇದನ್ನ?" ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಕುಂಚದಿಂದ ಕಣ್ಣೆತ್ತಲಿಲ್ಲ.

"ನನ್ನೇನ್ ಕೇಳ್ತೀಯ, ನಮ್ ಸೊಸೇನ ಕೇಳು. ಅವಳು ಆವತ್ತೂ ಚೊಕ್ಕ ಮಾಡೇ ಇಟ್ಟಿದ್ಲು."

"ಯಾವತ್ತು?" ಎಂದಳು ನಾರಾಯಣಮ್ಮ.

ಹನ್ನೊಂದು ವರ್ಷದ ಮೇಲೆ ಬಂದ ಮಾತು. ಕೇಳಬೇಕಾಗಿದ್ದ ಮಾವನವರು ಇರಲಿಲ್ಲ, ನಮ್ಮ ತಂದೆಯೂ ಇರಲಿಲ್ಲ, ಗೌರಿಬಿದನೂರಿನ ಮುದುಕಿಯಂತೂ ಎಂದೋ ಹೋಗಿದ್ದಳು. ಕೇಳಿಸಿಕೊಂಡದ್ದು ತಲೆಬುಡ ತಿಳಿಯದ ನಾರಾಯಣಮ್ಮ. ಜಗಳವಾಡೋಣವೆಂದರೆ ಅತ್ತೆಯ ಕೈ ಹಲ್ಲುಗಳ ಸಂದಿಯಲ್ಲಿ ಇಲ್ಲದ ಪುಡಿಯನ್ನು ಹುಡುಕುತ್ತಿತ್ತು. ನಾನು ಎದ್ದು ಮೂರು ಲೋಟ ಕಾಫಿ ಮಾಡಿ ತಂದೆ. ಕಮಟು ಎಳ್ಳಷ್ಟೂ ಇರಲಿಲ್ಲ. ನಮ್ಮ ತಂದೆ ಕುಡಿದಿದ್ದರೆ ತಲೆದೂಗುತ್ತಿದ್ದರು.

ನಾರಾಯಣಮ್ಮ ಒಂದು ಗುಟುಕು ಕುಡಿದು ಮುಖ ಕಿವಿಚಿ, ಸಕ್ಕರೆ ಕೇಳಿದಳು. ಮೂರು ಚಮಚದ ಅತ್ತೆ ಮಾತ್ರ ಕೇಳಲಿಲ್ಲ. ನಾನೂ ಹಾಕಲಿಲ್ಲ.